ನವೋದಯ ಕೋಚಿಂಗ್ ಹಾಸ್ಟೆಲ್, ಕಲಬುರಗಿ: ಊಟಕ್ಕೆ ನಾಲ್ಕು ಸ್ಟಾರ್, ಮುಚ್ಚಿಹಾಕುವ ಕೆಲಸಕ್ಕೆ ಐದು

ಹಾಸ್ಟೆಲ್ಲಿನ ಹೆಸರು ಹಾಕಿಲ್ಲ. ಯಾಕೆ ಅಂತ ಮೊದಲೇ ಹೇಳಿಬಿಡುತ್ತೇನೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೋ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು ಮಾತ್ರ ಅಲ್ಲ, ಮನೆ, ಶಾಲೆ, ನೆರೆಹೊರೆ, ಗುರುತು ಸಿಗುವ ಯಾವ ವಿವರವನ್ನೂ ಹೊರಗೆ ಹಾಕುವಂತಿಲ್ಲ. ಹಾಕಿದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಹಾಗಾಗಿ ರಿಂಗ್ ರೋಡ್ ಕಡೆಯ ಒಂದು ಹಾಸ್ಟೆಲ್ ಅಂತ ಇಟ್ಟುಕೊಳ್ಳಿ, ಅಲ್ಲಿ ಅಂಥವು ಬೇಕಾದಷ್ಟಿವೆ. ಮಗು ಹುಡುಗನೋ ಹುಡುಗಿಯೋ ಅದನ್ನೂ ಬರೆಯುವುದಿಲ್ಲ. ಕಾಯ್ದೆಗೂ ಆ ಭೇದ ಇಲ್ಲ, 18 ತುಂಬಿಲ್ಲ ಅಂದರೆ ಮಗು, ಅಷ್ಟೇ. ಸಣ್ಣಪುಟ್ಟ ವಿವರ ಕೆಲವು ಬೇಕಂತಲೇ ಬದಲಿಸಿದ್ದೇನೆ.

ನಾನು ಜೇವರ್ಗಿ ಕಡೆಯವನು. ಗೊಬ್ಬರ, ಬೀಜದ ಅಂಗಡಿ ಇದೆ. ಮಗ ಐದನೇ ಕ್ಲಾಸು. ನಮ್ಮ ಕಡೆ ಐದನೇ ಕ್ಲಾಸಿನ ಮಗು ಮನೆಯಲ್ಲಿ ಇದ್ದರೆ ಊರೆಲ್ಲ ಒಂದೇ ಪ್ರಶ್ನೆ ಕೇಳುತ್ತದೆ, "ನವೋದಯಕ್ಕೆ ಎಲ್ಲಿ ಹಾಕೀರಿ?" ಒಂದೊಂದು ನವೋದಯದಲ್ಲಿ ಆರನೇ ಕ್ಲಾಸಿಗೆ 80 ಸೀಟು, ಅದಕ್ಕೆ ಸಾವಿರಾರು ಮಕ್ಕಳು. ಸಿಕ್ಕರೆ 12ನೇ ಕ್ಲಾಸಿನವರೆಗೆ ಊಟ, ವಸತಿ, ಓದು ಎಲ್ಲ ಸರ್ಕಾರದ್ದು. ಅದಕ್ಕೇ ಜೇವರ್ಗಿ, ಅಫಜಲಪುರ, ಶಹಾಪುರ, ಚಿಂಚೋಳಿ ಎಲ್ಲ ಕಡೆಯಿಂದ ಒಂಬತ್ತು ಹತ್ತು ವರ್ಷದ ಮಕ್ಕಳನ್ನು ತಂದು ಕಲಬುರಗಿಯಲ್ಲಿ ಬಿಡುತ್ತೇವೆ. ನಾನೂ ಬಿಟ್ಟೆ. ಊಟ ವಸತಿ ಸೇರಿ ವರ್ಷಕ್ಕೆ 65,000, ಡಿಪಾಜಿಟ್ 5,000 ಬೇರೆ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ, ಸುಳ್ಳು ಹೇಳಬಾರದು. ಪಾಠ ಚೆನ್ನಾಗಿತ್ತು. ಪರೀಕ್ಷೆಯಲ್ಲಿ 80 ಪ್ರಶ್ನೆ, ಅದರಲ್ಲಿ 40 ಬರೀ ಮಾನಸಿಕ ಸಾಮರ್ಥ್ಯದ್ದು, ಚಿತ್ರ ನೋಡಿ ಬೇರೆ ಯಾವುದು ಅಂತ ಹೇಳೋದು. ನನ್ನ ಮಗ ಮೂರೇ ತಿಂಗಳಲ್ಲಿ ಅದನ್ನು ನನಗಿಂತ ಬೇಗ ಮಾಡಲು ಕಲಿತ. ಊಟ ಅಂತೂ ಮನೆ ಊಟ. ಬೆಳಿಗ್ಗೆ ಸುಸ್ಲಾ ಇಲ್ಲ ಉಪ್ಪಿಟ್ಟು, ಮಧ್ಯಾಹ್ನ ಬಿಸಿ ರೊಟ್ಟಿ, ಪುಂಡಿ ಪಲ್ಯ, ತೊಗರಿ ಬೇಳೆ ಸಾರು. ರೊಟ್ಟಿ ಬಡಿಯುವ ಅಕ್ಕ ಮಕ್ಕಳಿಗೆ ಶೇಂಗಾ ಹಿಂಡಿ ಕೇಳಿದಷ್ಟು ಹಾಕುತ್ತಿದ್ದಳು. ಆ ನಾಲ್ಕು ಸ್ಟಾರ್ ಇದೆಯಲ್ಲ, ಅದು ಆಕೆ ಇದ್ದಾಗಿನ ಊಟಕ್ಕೆ. ಆಕೆ ಯಾಕೆ ಈಗ ಇಲ್ಲ ಅನ್ನೋದು ಮುಂದೆ ಬರುತ್ತದೆ.

ಇನ್ನೊಂದು ನಮಗೆಲ್ಲ ಬಹಳ ಮೆಚ್ಚುಗೆಯಾಗಿದ್ದು ಸಿಸಿಟಿವಿ. ವರಾಂಡದಲ್ಲಿ, ಊಟದ ಹಾಲ್‌ನಲ್ಲಿ, ಫೀ ಕೌಂಟರ್ ಮೇಲೆ, ಗೇಟಿಗೆ ಎರಡು. ಸೇರಿಸುವ ದಿನ ಅದನ್ನು ತೋರಿಸಿಯೇ ತೋರಿಸುತ್ತಾರೆ. ಟಿವಿ ಇರೋದು ಹಾಸ್ಟೆಲ್ ಸರ್ ಕೋಣೆಯಲ್ಲಿ. ಆ ಕೋಣೆಯಲ್ಲಿ ಮಾತ್ರ ಕ್ಯಾಮೆರಾ ಇಲ್ಲ. ಅವತ್ತು ಅದು ಯಾರ ತಲೆಗೂ ಹೊಳೆಯಲಿಲ್ಲ, ನನಗೂ. ಮನೆಗೆ ಫೋನ್ ಮಾಡಬೇಕಂದರೂ ಮಕ್ಕಳು ಅದೇ ಕೋಣೆಗೆ ಹೋಗಬೇಕು, ಅದೇ ಸರ್ ಮೊಬೈಲ್, ಅವರೆದುರಿಗೇ ಮಾತು. ಹಾಸ್ಟೆಲ್ ಸರ್ ಬಹಳ ಪ್ರೀತಿಯವರು ಅಂತ ಎಲ್ಲ ಹೇಳುತ್ತಿದ್ದೆವು. ಯಾರಿಗೋ ಚಿಪ್ಸ್ ತಂದುಕೊಡೋದು, ಯಾರಿಗೋ ಎರಡು ನಿಮಿಷ ಜಾಸ್ತಿ ಫೋನ್ ಕೊಡೋದು. ಅಪ್ಪ ಅವ್ವ ಪುಣೆ, ಬೆಂಗಳೂರು ಕಡೆ ಗುಳೆ ಹೋಗಿರುವ ಮಕ್ಕಳ ಮೇಲೆ ಅವರಿಗೆ ಪ್ರೀತಿ ಇನ್ನೂ ಜಾಸ್ತಿ. ಭಾನುವಾರ ನೋಡಲು ಯಾರೂ ಬರದ ಮಕ್ಕಳು ಅವು. ಈಗ ಇದನ್ನು ಬರೆಯುವಾಗ ಕೈ ನಡುಗುತ್ತದೆ, ಅವತ್ತು ನಾನು "ಎಂಥಾ ಮನಷ್ಯಾ" ಅಂದಿದ್ದೆ.

ಒಂದು ಭಾನುವಾರ ಬುತ್ತಿ ಬಿಚ್ಚಿಕೊಂಡು ಕೂತಿದ್ದೆವು. ಮಗ ತಿನ್ನುತ್ತಾ ತಿನ್ನುತ್ತಾ ಸಣ್ಣ ದನಿಯಲ್ಲಿ ಹೇಳಿದ. ಕ್ಲಾಸಿನಲ್ಲಿ ತನ್ನ ಪಕ್ಕ ಕೂರುವ ಮಗು ಬಹಳ ದಿನದಿಂದ ಮಾತಾಡುತ್ತಿಲ್ಲ, ಹಾಸ್ಟೆಲ್ ಸರ್ ಹೀಗೆ ಮಾಡಿದರಂತೆ, ಯಾರಿಗೂ ಹೇಳಬ್ಯಾಡ ಅಂದಾರಂತೆ. ಹೀಗೆ ಅಂದರೆ ಏನು ಅಂತ ನಾನು ಇಲ್ಲಿ ಬರೆಯಲ್ಲ. ನಾನು ಮೊದಲು ಕೇಳಿದ್ದು "ನಿನಗೇನೂ ಮಾಡಿಲ್ಲಲ್ಲಪಾ?" ಅಂತ. ಇಲ್ಲ ಅಂದ. ನನಗೆ ಜೀವ ಬಂದಂತಾಯಿತು. ಆ ಸಮಾಧಾನದ ಬಗ್ಗೆ ಇವತ್ತಿಗೂ ನಾಚಿಕೆ ಇದೆ. ಯಾಕಂದರೆ ಅದಾದ ಮೇಲೆ ಮೂರು ದಿನ ನಾನು ಏನೂ ಮಾಡಲಿಲ್ಲ. ಫೀ ಕಟ್ಟಾಗಿದೆ, ಪರೀಕ್ಷೆಗೆ ಎರಡು ತಿಂಗಳು ಉಳಿದಿದೆ, ಹುಡುಗರು ಏನೋ ಹೇಳುತ್ತವೆ, ನಮ್ಮದಲ್ಲದ ಜಗಳ ನಮಗ್ಯಾಕೆ. ಇವೆಲ್ಲ ನನ್ನ ತಲೆಯಲ್ಲಿ ಓಡಿದ್ದೇ.

ಬುಧವಾರ ಹೋದೆ. ಸಂಸ್ಥೆ ಕಟ್ಟಿದವರನ್ನು ಎಲ್ಲರೂ ದೊಡ್ಡ ಸರ್ ಅಂತಾರೆ. ರಿಟೈರ್ ಆದ ಹೆಡ್‌ಮಾಸ್ತರ್, ಬಿಳಿ ಅಂಗಿ, ಸಿಟ್ಟು ಮಾಡಿದ್ದು ಯಾರೂ ನೋಡಿಲ್ಲ. ನಾನು ತಡವರಿಸುತ್ತಾ ವಿಷಯ ಹೇಳಿದೆ. ಅವರು ಗಾಬರಿಯಾಗುತ್ತಾರೆ ಅಂದುಕೊಂಡಿದ್ದೆ. ಅವರು ಚಹಾ ತರಿಸಿದರು.

"ಅದು ಮುಗದದರಿ ಸಾವ್ಕಾರ್ರೆ. ಹತ್ತು ದಿನ ಆತು."

ಅಂದರೆ ಇವರಿಗೆ ಗೊತ್ತಿತ್ತು. ಗೊತ್ತಿದ್ದಷ್ಟೇ ಅಲ್ಲ, ಡ್ರಾಯರ್ ತೆಗೆದು ಒಂದು ಕಾಗದ ತೋರಿಸಿದರು, ನನಗೆ ಧೈರ್ಯ ತುಂಬಲಿಕ್ಕೆ! ತಪ್ಪು ತಿಳುವಳಿಕೆಯಿಂದ ಮಗು ಏನೋ ಹೇಳಿದೆ, ನಮಗೆ ಸಂಸ್ಥೆಯ ಮೇಲೆ ಯಾವ ದೂರೂ ಇಲ್ಲ, ಅಂತ ಬರೆದಿತ್ತು. ಕೆಳಗೆ ಅಪ್ಪನ ಹೆಬ್ಬೆಟ್ಟು. ಸಾಕ್ಷಿಗೆ ಅವರ ಊರಿನ ಹಿರಿಯರೊಬ್ಬರ ಸಹಿ. ಆ ವರ್ಷದ ಫೀ ಪೂರ್ತಿ ಮಾಫ್ ಅಂತ ಇನ್ನೊಂದು ಚೀಟಿ. ಎಲ್ಲ ಒಂದೇ ಮಧ್ಯಾಹ್ನದಲ್ಲಿ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಸರ್ವಿಸ್ ಬಗ್ಗೆ ಬರೆಯುವವನು ವೇಗದ ಬಗ್ಗೆ ಹೇಳಲೇಬೇಕು. ಈ ಸಂಸ್ಥೆಯಲ್ಲಿ ಫೀ ರಶೀದಿ ಸಿಗಲು ನನಗೆ ಒಂದು ತಿಂಗಳು ಹಿಡಿಯಿತು. ಮೂರನೇ ಮಹಡಿಯ ನಲ್ಲಿ ಸೋರುತ್ತಿದೆ ಅಂತ ಪಾಲಕರೆಲ್ಲ ಸೇರಿ ಹೇಳಿದ್ದಕ್ಕೆ ಆರು ವಾರ. ಈ ಒಂದು ಕೆಲಸ ಮಾತ್ರ ಊಟದ ಹೊತ್ತಿಗೆ ಶುರುವಾಗಿ ಸಂಜೆ ಚಹಾದೊಳಗೆ ಮುಗಿದಿತ್ತು. ಯಾರಿಗೆ ಫೋನ್ ಮಾಡಬೇಕು, ಯಾವ ಹಿರಿಯರ ಮಾತನ್ನು ಆ ಅಪ್ಪ ಮೀರಲ್ಲ, ಕಾಗದದಲ್ಲಿ ಯಾವ ಪದ ಇರಬೇಕು, ಎಲ್ಲ ಅವರಿಗೆ ಗೊತ್ತಿತ್ತು. ಇಷ್ಟು ಸಲೀಸಾಗಿ ಮಾಡಿದ್ದು ಇದೇ ಮೊದಲ ಸಲ ಅಂತ ನನಗೆ ಅನ್ನಿಸುತ್ತಿಲ್ಲ.

ಕೆಟ್ಟವನು ಒಬ್ಬನೇ ಇದ್ದ. ಅವನನ್ನು ಉಳಿಸಿದವರು ಎಷ್ಟು ಜನ ಅಂತ ಆಮೇಲೆ ಎಣಿಸಿದೆ. ಮಗು ಮೊದಲು ಹೇಳಿದ್ದು ರೊಟ್ಟಿ ಬಡಿಯುವ ಅಕ್ಕನಿಗೆ. ಆಕೆ ಅವತ್ತೇ ಆಫೀಸಿಗೆ ಹೋಗಿ ಹೇಳಿದಳು. ಮ್ಯಾನೇಜರ್ "ನಿನ್ನ ಕೆಲಸ ರೊಟ್ಟಿ ಬಡಿಯೋದು" ಅಂದ. ಎರಡು ದಿನದಲ್ಲಿ ಆಕೆಯ ಕೆಲಸ ಹೋಯಿತು, ಸಾರಿಗೆ ಉಪ್ಪು ಜಾಸ್ತಿ ಹಾಕುತ್ತಾಳೆ ಅನ್ನೋ ಕಾರಣಕ್ಕೆ. ಗಣಿತದ ಸರ್‌ಗೆ ಗೊತ್ತಿತ್ತು, ಅವರಿಗೆ ಮನೆ ಸಾಲ. ಹಿರಿಯರಿಗೆ ಗೊತ್ತಿತ್ತು, ಅವರ ಮೊಮ್ಮಗನೂ ಅಲ್ಲೇ ಅರ್ಧ ಫೀಯಲ್ಲಿ ಓದುತ್ತಿದ್ದ. ಆ ಅಪ್ಪ ಅವ್ವನಿಗೂ ಮೊದಲೇ ಫೀಯಲ್ಲಿ ರಿಯಾಯಿತಿ ಕೊಟ್ಟಿದ್ದರು, ಉಪಕಾರ ಮಾಡಿದವರ ಎದುರು ಬಡವರು ಬಾಯಿ ತೆಗೆಯೋದು ಹೇಗೆ? ಟ್ರಸ್ಟಿಗಳಲ್ಲಿ ಒಬ್ಬರು ಡಾಕ್ಟರ್. ಅವರಿಗೂ ಗೊತ್ತಿತ್ತು.

ಡಾಕ್ಟರ್ ವಿಷಯ ಯಾಕೆ ಹೇಳಿದೆ ಅಂದರೆ, ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ರಾಜೂರಾದಲ್ಲಿ ಆದಿವಾಸಿ ಹೆಣ್ಣುಮಕ್ಕಳ ಹಾಸ್ಟೆಲ್ ಒಂದರಲ್ಲಿ ಹೀಗೇ ಆಗಿತ್ತು. ಅಲ್ಲಿನ ಮಕ್ಕಳಿಗೆ ಚಿಕಿತ್ಸೆ ಕೊಡುತ್ತಿದ್ದ ಡಾಕ್ಟರ್ ಗೊತ್ತಿದ್ದೂ ಪೊಲೀಸರಿಗೆ ಹೇಳಲಿಲ್ಲ ಅನ್ನೋದು ಆರೋಪ. ಹೈಕೋರ್ಟ್ ಅವರ ಮೇಲಿನ ಕೇಸನ್ನು ರದ್ದು ಮಾಡಿತ್ತು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೇ ತೆಗೆದುಹಾಕಿತು. ಗೊತ್ತಿದ್ದೂ ತಿಳಿಸದೆ ಇರೋದು ಸಣ್ಣ ವಿಷಯ ಅಲ್ಲ ಅಂತ ಹೇಳಿತು. ಕಾಯ್ದೆಯ 19ನೇ ಸೆಕ್ಷನ್‌ನಲ್ಲಿ ಸಾಫ್ ಇದೆ: ಯಾರಿಗೇ ಗೊತ್ತಾಗಲಿ, ಅನುಮಾನ ಬರಲಿ, ಪೊಲೀಸರಿಗೆ ಹೇಳಬೇಕು. ಹೇಳದಿದ್ದರೆ 21ನೇ ಸೆಕ್ಷನ್, ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಸಂಸ್ಥೆಯ ಮುಖ್ಯಸ್ಥ ತನ್ನ ಕೈಕೆಳಗಿನವನು ಮಾಡಿದ್ದನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ, ದಂಡ ಬೇರೆ. ಒಳಗೇ ವಿಚಾರಣೆ ಮಾಡಿ ನಿಜವೋ ಸುಳ್ಳೋ ನೋಡಿ ಆಮೇಲೆ ಹೇಳಿ ಅಂತ ಎಲ್ಲೂ ಬರೆದಿಲ್ಲ.

ದೊಡ್ಡ ಸರ್ ಇದನ್ನೆಲ್ಲ ಬಲ್ಲವರೇ. ಅವರು ಹೇಳಿದ್ದು ಬೇರೆ. "ಮುನ್ನೂರು ಮಕ್ಳ ಭವಿಷ್ಯ ನೋಡ್ರಿ. ಹೊರಗ ಗೊತ್ತಾದ್ರ ಸಂಸ್ಥೆ ಮುಚ್ಚತದ. ಆ ಮಗೂಗೂ ಒಂದು ಬಾಳ್ವೆ ಅದ ಅಲ್ರಿ, ಮಾನ ಹೋದ್ರ ಬರ್ತದೇನು?" ನಿಜ ಹೇಳಬೇಕಂದರೆ ಆ ಕ್ಷಣಕ್ಕೆ ನನಗೂ ಹೌದಲ್ಲ ಅನ್ನಿಸಿತು. ಅವರು ರಾಕ್ಷಸರ ಹಾಗೆ ಮಾತಾಡಲಿಲ್ಲ, ಮನೆ ಹಿರಿಯರ ಹಾಗೆ ಮಾತಾಡಿದರು. ಕಟ್ಟಿದ್ದನ್ನು ಉಳಿಸಿಕೊಳ್ಳಬೇಕು ಅನ್ನೋ ಸಂಕಟ ಅವರ ಮುಖದಲ್ಲಿ ಇತ್ತು. ಆ ಮಗುವಿನ ಸಂಕಟ ಮಾತ್ರ ಇರಲಿಲ್ಲ. ಮಗುವಿನ ಹೆಸರನ್ನೂ ಅವರು ಒಂದು ಸಲ ತಪ್ಪು ಹೇಳಿದರು.

ನಾನು ಎದ್ದು ಹೊರಡುವವನೇ ಇದ್ದೆ. ಹೋಗುವಾಗ ಸುಮ್ನೆ ಕೇಳಿದೆ, ಹಾಸ್ಟೆಲ್ ಸರ್ ಈಗ ಎಲ್ಲಿ ಅಂತ.

"ಇಲ್ಲಿಲ್ರಿ. ನಮ್ದೇ ಇನ್ನೊಂದ್ ಬ್ರಾಂಚಿಗಿ ಹಾಕೀವಿ."

"ಅಲ್ಲಿ ಮಕ್ಕಳಿಲ್ಲೇನ್ರಿ ಸರ್?"

"ಅಲ್ಲಿ ನಮ್ಮ ತಮ್ಮ ಅದಾನ, ಕಣ್ಣಿಟ್ಟಿರ್ತಾನ."

ಅಮೆರಿಕದ ಬೋಸ್ಟನ್‌ನಲ್ಲಿ ಒಂದು ದೊಡ್ಡ ಪ್ರಕರಣ ಆಗಿತ್ತು, ಆಮೇಲೆ ಓದಿದೆ. ಜಾನ್ ಗೇಗನ್ ಅನ್ನೋ ಪಾದ್ರಿ. ದೂರು ಬಂದಾಗಲೆಲ್ಲ ಅವನನ್ನು ಒಂದು ಚರ್ಚಿನಿಂದ ಇನ್ನೊಂದು ಚರ್ಚಿಗೆ ಕಳಿಸುತ್ತಿದ್ದರು, ಅಲ್ಲಿಯೂ ಮಕ್ಕಳೇ. 2002ರ ಜನವರಿಯಲ್ಲಿ ಬೋಸ್ಟನ್ ಗ್ಲೋಬ್ ಪತ್ರಿಕೆ ಎಲ್ಲ ಹೊರಗೆ ತಂತು. ಅವನ ಮೇಲಿದ್ದ ಕಾರ್ಡಿನಲ್ ಬರ್ನಾರ್ಡ್ ಲಾ ಅದೇ ವರ್ಷ ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟ. 2004ರಲ್ಲಿ ಅದೇ ಕಾರ್ಡಿನಲ್‌ಗೆ ರೋಮ್‌ನಲ್ಲಿ ಒಂದು ದೊಡ್ಡ ಚರ್ಚಿನ ಹುದ್ದೆ! ಇದನ್ನು ಓದುವಾಗ ನನಗೆ ನಗು ಬಂತು, ಕೆಟ್ಟ ನಗು. ಯಾಕಂದರೆ ನಮ್ಮ ಹಾಸ್ಟೆಲ್ ಸರ್ ಹೋಗುವಾಗ ಇಲ್ಲಿ ಶಾಲು ಹಾಕಿ ಕಳಿಸಿದ್ದರು. ಫೋಟೋ ಪಾಲಕರ ಗ್ರೂಪಿಗೆ ಬಂದಿತ್ತು. ನಾನು ಅದಕ್ಕೆ ಕೈಮುಗಿಯುವ ಚಿತ್ರ ಹಾಕಿದ್ದೆ.

ದೊಡ್ಡ ಸರ್, ಆ ಬ್ರಾಂಚಿನ ಮಾತು ಕೇಳದಿದ್ದರೆ ನಾನು ಬಹುಶಃ ಮನೆಗೇ ಹೋಗುತ್ತಿದ್ದೆ. ನೀವು ಇದನ್ನು ಓದುತ್ತೀರಿ ಅಂತ ಗೊತ್ತು, ಅದಕ್ಕೇ ಹೇಳುತ್ತಿದ್ದೇನೆ.

ಬಸ್ ಸ್ಟ್ಯಾಂಡ್ ಹತ್ತಿರ ಚಹಾದ ಅಂಗಡಿಯ ಹಿಂದೆ ನಿಂತು 1098ಕ್ಕೆ ಫೋನ್ ಮಾಡಿದೆ. ಇದರ ಬಗ್ಗೆಯೂ ಎರಡು ಮಾತು, ಇದೂ ಒಂದು ಸರ್ವಿಸ್ ಅಲ್ವಾ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ. ಕನ್ನಡದಲ್ಲೇ ಮಾತಾಡಿದರು. ಕೊರತೆ ಇಲ್ಲ ಅಂತಲ್ಲ, ಒಬ್ಬರಿಂದ ಇನ್ನೊಬ್ಬರಿಗೆ ಹೋಗಿ ಒಂದೇ ಕತೆಯನ್ನು ಮೂರು ಸಲ ಹೇಳಬೇಕಾಯಿತು. ಆದರೆ ಫೋನ್ ಎತ್ತಿದ ಹೆಣ್ಣುಮಗಳು ಮೊದಲು ಕೇಳಿದ್ದು, "ಮಗು ಈಗ ಎಲ್ಲಿದೆ ಸರ್, ಈ ಕ್ಷಣಕ್ಕೆ ಸುರಕ್ಷಿತವಾಗಿದೆಯಾ?" ಈ ಪ್ರಶ್ನೆಯನ್ನು ಹತ್ತು ದಿನದಲ್ಲಿ ಆ ಆಫೀಸಿನಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಬಂದರು, ಪೊಲೀಸರು ಬಂದರು. ಮಗುವಿನ ಹೇಳಿಕೆ ತೆಗೆದುಕೊಂಡಿದ್ದು ಸ್ಟೇಷನ್‌ನಲ್ಲಲ್ಲ, ಮನೆಯಲ್ಲಿ. ಬಂದ ಮೇಡಂ ಪಿಎಸ್‌ಐ ಸೀರೆಯಲ್ಲಿದ್ದರು, ಯೂನಿಫಾರ್ಮ್ ಇರಲಿಲ್ಲ. ಕಾಯ್ದೆಯೇ ಹಾಗೆ ಹೇಳುತ್ತದೆ ಅಂತ ಆಮೇಲೆ ಗೊತ್ತಾಯಿತು, ಮಗುವನ್ನು ರಾತ್ರಿ ಸ್ಟೇಷನ್‌ನಲ್ಲಿ ಇಟ್ಟುಕೊಳ್ಳುವಂತಿಲ್ಲ, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ಕೋರ್ಟಿಗೂ ತಿಳಿಸಬೇಕು. ಇಲ್ಲಿ ಅದು ನಡೆಯಿತು. ಎಲ್ಲ ಕಡೆ ಹೀಗೇ ಆಗುತ್ತದೆ ಅಂತ ನಾನು ಹೇಳಲ್ಲ. ಬಿಹಾರದ ಮುಜಫ್ಫರ್‌ಪುರದಲ್ಲಿ ಸರ್ಕಾರದ ದುಡ್ಡಿನಲ್ಲೇ ನಡೆಯುತ್ತಿದ್ದ ಹೆಣ್ಣುಮಕ್ಕಳ ಆಶ್ರಯಧಾಮದ ಕತೆ ಹೊರಗೆ ಬಂದಿದ್ದು 2018ರಲ್ಲಿ, ಅದೂ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡ ಬಂದು ಮಕ್ಕಳ ಜೊತೆ ಕೂತು ಮಾತಾಡಿದ ಮೇಲೆ. 2020ರಲ್ಲಿ 19 ಜನರನ್ನು ದೆಹಲಿ ಕೋರ್ಟ್ ಅಪರಾಧಿಗಳು ಅಂದಿತು. ಅದರಲ್ಲಿ ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಕೂರುತ್ತಿದ್ದವರೂ ಇದ್ದರು. ನೋಡಿಕೊಳ್ಳಬೇಕಾದವರೇ.

ಆಮೇಲೆ ಆದದ್ದು ಚಂದ ಇಲ್ಲ. ಮಗುವಿನ ಅಪ್ಪ ನನಗೆ ಫೋನ್ ಮಾಡಿ "ನಮ್ಮ ಮಾನ ತೆಗದ್ರಿ" ಅಂತ ಬೈದರು. ಅವರಿಗೆ ಸಿಟ್ಟು ಬರಬೇಕಾದದ್ದೇ, ನಾನು ಅವರನ್ನು ಕೇಳದೆ ಮಾಡಿದೆ. ಪಾಲಕರ ಗ್ರೂಪನ್ನು ಅಡ್ಮಿನ್ ಮಾತ್ರ ಬರೆಯುವ ಹಾಗೆ ಮಾಡಿದರು. ಕೆಲವರು ಸಂಸ್ಥೆಯ ಹೆಸರು ಕೆಡಿಸಲು ಹೊರಟಿದ್ದಾರೆ ಅಂತ ಮೆಸೇಜು ಬಂತು. ನಲವತ್ತು ಪಾಲಕರು ಸಂಸ್ಥೆಯ ಪರವಾಗಿ ಸಹಿ ಮಾಡಿ ಕೊಟ್ಟರು. ಅದರಲ್ಲಿ ನನ್ನ ಜೊತೆ ಪ್ರತಿ ಭಾನುವಾರ ಒಂದೇ ಬಸ್ಸಿನಲ್ಲಿ ಬರುತ್ತಿದ್ದವರೂ ಇದ್ದರು. ಅವರನ್ನು ಬೈಯಲು ನನಗೆ ಬಾಯಿ ಬರಲ್ಲ, ಮೂರು ದಿನ ನಾನೂ ಅವರ ಪೈಕಿಯೇ ಇದ್ದೆ.

ಸುಳ್ಳು ಕೇಸು ಹಾಕಿದ್ದೀಯಾ ಅಂತ ನಿನ್ನ ಮೇಲೇ ಕೇಸು ಮಾಡುತ್ತೇವೆ ಅಂತಲೂ ಹೇಳಿಸಿದರು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಪರಿಚಯದ ವಕೀಲರು ಬಿಡಿಸಿ ಹೇಳಿದರು, ಒಳ್ಳೆ ಮನಸ್ಸಿನಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ಕೇಸೂ ನಿಲ್ಲಲ್ಲ ಅಂತ ಅದೇ 19ನೇ ಸೆಕ್ಷನ್‌ನಲ್ಲಿ ಇದೆ. ಮಗು ತಪ್ಪು ಹೇಳಿದೆ ಅಂತಾದರೂ ಮಗುವಿಗೆ ಶಿಕ್ಷೆ ಇಲ್ಲ. ಆ ಹೆಬ್ಬೆಟ್ಟಿನ ಕಾಗದದ ಬಗ್ಗೆಯೂ ಕೇಳಿದೆ. ಅವರು ರಾಜಸ್ಥಾನದ ಒಂದು ಕೇಸು ಹೇಳಿದರು. ಮೇಷ್ಟ್ರು ಮತ್ತು ಮಗುವಿನ ಅಪ್ಪ ರಾಜಿ ಮಾಡಿಕೊಂಡಿದ್ದಾರೆ ಅಂತ ಹೈಕೋರ್ಟ್ ಕೇಸು ರದ್ದು ಮಾಡಿತ್ತು, 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಇದು ಇಬ್ಬರ ನಡುವಿನ ಹೊಲದ ಬದುವಿನ ಜಗಳ ಅಲ್ಲ, ರಾಜಿ ಮಾಡಿಕೊಳ್ಳಲು.

ಈಗ ಕೇಸು ಕೋರ್ಟಿನಲ್ಲಿದೆ, ಅದರ ಬಗ್ಗೆ ಜಾಸ್ತಿ ಹೇಳಲ್ಲ. ಆಫೀಸಿನವರ ಮೇಲೂ 21ನೇ ಸೆಕ್ಷನ್ ಹಾಕಿದ್ದಾರೆ. ಹೀಗೆ ಹಾಕುವುದು ಹೊಸದಲ್ಲ. 2024ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಬದಲಾಪುರದಲ್ಲಿ ಶಾಲೆಯ ಇಬ್ಬರು ಪುಟ್ಟ ಮಕ್ಕಳ ಪ್ರಕರಣಕ್ಕೆ ಜನ ರೈಲು ಹಳಿ ಮೇಲೆ ಕೂತಾಗ, ಆ ಶಾಲೆಯ ಅಧ್ಯಕ್ಷ, ಕಾರ್ಯದರ್ಶಿಯ ಮೇಲೂ ತಿಳಿಸಲಿಲ್ಲ ಅಂತ ಕೇಸಾಯಿತು. ನಮ್ಮ ದೊಡ್ಡ ಸರ್ ಹೊರಗೇ ಇದ್ದಾರೆ. ಈ ವರ್ಷದ ಬ್ಯಾನರ್ ಕಟ್ಟಿಯಾಗಿದೆ, ಸೀಟು ಸಿಕ್ಕ ಮಕ್ಕಳ ಫೋಟೋ, ಮಧ್ಯದಲ್ಲಿ ಅವರು.

ಮಗನನ್ನು ಬಿಡಿಸಿಕೊಂಡು ಬಂದ ಮೇಲೆ ಬೇರೆ ಹಾಸ್ಟೆಲ್ ನೋಡಲು ಸೇಡಂ ರೋಡ್, ಆಳಂದ ರೋಡ್ ಕಡೆ ಮೂರು ನಾಲ್ಕು ಕಡೆ ಹೋದೆ. ಈ ಸಲ ಕ್ಯಾಮೆರಾ ಎಷ್ಟಿವೆ ಅಂತ ಕೇಳಲಿಲ್ಲ. ಕೆಲಸಕ್ಕೆ ಇಟ್ಟುಕೊಂಡವರ ಪೊಲೀಸ್ ವೆರಿಫಿಕೇಶನ್ ಕಾಗದ ತೋರಿಸಿ ಅಂದೆ. 2020ರ ಪೋಕ್ಸೋ ನಿಯಮದಲ್ಲಿ ಇದೆ, ಪಾಠ ಹೇಳುವವರದಷ್ಟೇ ಅಲ್ಲ, ವಾಚ್‌ಮನ್, ಡ್ರೈವರ್, ಗುತ್ತಿಗೆಯವರು ಎಲ್ಲರದ್ದೂ, ಅದೂ ಒಂದು ಸಲ ಮಾಡಿ ಬಿಡೋದಲ್ಲ, ಆಗಾಗ. ಒಬ್ಬ ಮ್ಯಾನೇಜರ್ ನಕ್ಕ. "ನಮ್ಮ ಮಂದಿ ಎಲ್ಲಾ ಪರಿಚಯದವ್ರೇ ಅದಾರ್ರಿ" ಅಂದ. ನನ್ನ ಹಳೆ ಹಾಸ್ಟೆಲ್ ಸರ್ ಕೂಡ ದೊಡ್ಡ ಸರ್‌ಗೆ ದೂರದ ನೆಂಟನೇ. ಇನ್ನೊಬ್ಬರು ದೂರು ಪೆಟ್ಟಿಗೆ ತೋರಿಸಿದರು, ಪೆಟ್ಟಿಗೆಯ ಕೀಲಿ ಅವರದೇ ಸೊಂಟದಲ್ಲಿತ್ತು. ಒಂದು ಕಡೆ ಮಾತ್ರ, ಸಣ್ಣ ಜಾಗ, ಮೇಡಂ ಒಬ್ಬರು ನಡೆಸೋದು, ಫೈಲ್ ತೆಗೆದು ಒಂದೊಂದೇ ಕಾಗದ ತೋರಿಸಿದರು. ಗೋಡೆಯ ಮೇಲೆ 1098 ದೊಡ್ಡದಾಗಿ ಬರೆದಿತ್ತು, ಅದರ ಕೆಳಗೇ ಮಕ್ಕಳು ಯಾರನ್ನೂ ಕೇಳದೆ ಎತ್ತಬಹುದಾದ ಒಂದು ಫೋನ್. ಅಲ್ಲಿ ಊಟ ಅಷ್ಟಕ್ಕಷ್ಟೇ. ರೊಟ್ಟಿ ದಪ್ಪ, ಸಾರಿಗೆ ಉಪ್ಪು ಕಡಿಮೆ. ಮಗ ಗೊಣಗುತ್ತಾನೆ. ರೊಟ್ಟಿ ಬಡಿಯುವ ಅಕ್ಕನ ನಂಬರ್ ಹುಡುಕಿ ಆ ಮೇಡಂಗೆ ಕೊಟ್ಟಿದ್ದೇನೆ, ಕರೆಯುತ್ತೇನೆ ಅಂದಿದ್ದಾರೆ.

ಹಳೆ ಹಾಸ್ಟೆಲ್ಲಿನಿಂದ ನನ್ನ 5,000 ಡಿಪಾಜಿಟ್ ಇನ್ನೂ ವಾಪಸ್ ಬಂದಿಲ್ಲ. ಹೋದ ವಾರ ಕೇಳಲು ಹೋಗಿದ್ದೆ. ಕೌಂಟರಿನ ಹುಡುಗಿ ರಶೀದಿ ನೋಡಿದಳು, ಹೆಸರು ನೋಡಿದಳು, ಆ ಕಡೆ ಈ ಕಡೆ ನೋಡಿ ಸಣ್ಣಗೆ ಕೇಳಿದಳು.

"ಪೊಲೀಸರಿಗಿ ಹೇಳ್ದೋರು ನೀವೇ ಏನ್ರಿ ಕಾಕಾ?"

ಹೌದಮ್ಮ ಅಂದೆ. ಆಕೆ ರಶೀದಿ ವಾಪಸ್ ಕೊಟ್ಟು, ಅದರ ಹಿಂದೆ ತನ್ನ ಮೊಬೈಲ್ ನಂಬರ್ ಬರೆದಿದ್ದಳು.